ಮಡಕೆಯೊಳಗಿನ ಅರ್ಧ ವೋಲ್ಟ್

ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಹೊತ್ತು ಬಂತೆಂದರೆ, ಯಾವುದಾದರೂ ಒಂದು ತಂಡ ಕೊಳಚೆ ನೀರಿನಿಂದ ವಿದ್ಯುತ್ ತೆಗೆಯುವ ಪ್ರಸ್ತಾಪ ಹಿಡಿದು ಬಂದೇ ಬರುತ್ತದೆ. ಸೂಕ್ಷ್ಮಾಣುಜೀವಿ ಇಂಧನ ಕೋಶ, ಅಂದರೆ ಮೈಕ್ರೋಬಿಯಲ್ ಫ್ಯುಯೆಲ್ ಸೆಲ್, ಎಂಬ ಸಾಧನದ ಜೊತೆ ಕೆಲವು ವರ್ಷಗಳಿಂದ ಒದ್ದಾಡುತ್ತಿರುವುದರಿಂದ ಮಂಗಳೂರಿನಲ್ಲಿ ಇಂತಹ ಹಲವು ಪ್ರಸ್ತಾಪಗಳು ನನ್ನ ಮೇಜಿಗೆ ಬರುತ್ತವೆ. ಬಹುತೇಕ ಎಲ್ಲದರಲ್ಲೂ ಖರ್ಚಿನ ಪಟ್ಟಿಯ ತಲೆಯಲ್ಲಿ ಕೋಶದ ಎರಡು ಬದಿಗಳನ್ನು ಬೇರ್ಪಡಿಸುವ ನೇಫಿಯಾನ್ ಎಂಬ ದುಬಾರಿ ಪೊರೆ ಇರುತ್ತದೆ, ಅದರ ಕೆಳಗೆ ಪ್ಲಾಟಿನಂ ಲೇಪಿಸಿದ ಕಾರ್ಬನ್ ಬಟ್ಟೆ, ಕೊನೆಯಲ್ಲಿ ಒಂದು ಎಲ್‌ಇಡಿ. ಮೊದಲಿನ ಎರಡನ್ನು ಕೊಳ್ಳಲು ದುಡ್ಡು ಸಾಲುವುದಿಲ್ಲ. ಕೊಂಡರೂ ಮೂರನೆಯದು ಸರಿಯಾಗಿ ಉರಿಯುವುದಿಲ್ಲ. ಕಡಿಮೆ ವೆಚ್ಚದ ಕೋಶವನ್ನು ವಿನ್ಯಾಸ ಮಾಡುವಾಗ ನಾನು ಈಗ ಒಂದೇ ನಿಯಮವನ್ನು ಪಾಲಿಸುತ್ತೇನೆ: ಎಲ್ಲಕ್ಕಿಂತ ಮೊದಲು ಕೆಡುವ ಭಾಗ ಎಲ್ಲಕ್ಕಿಂತ ಅಗ್ಗದ್ದಾಗಿರಬೇಕು, ಮತ್ತು ಅದನ್ನು ತೆಗೆದು ಬದಲಿಸುವಾಗ ಉಳಿದದ್ದು ಕದಲಬಾರದು. ಮುಂದೆ ಬರೆದಿರುವುದೆಲ್ಲ ಈ ನಿಯಮಕ್ಕೆ ಕಾರಣಗಳು.

ಕೋಶದ ಒಳಗೆ ನಡೆಯುವುದು ಉಸಿರಾಟವೇ. ನಾವು ಉಂಡ ಅನ್ನದಿಂದ ಹೊರಟ ಎಲೆಕ್ಟ್ರಾನ್‌ಗಳು ಹಲವು ಮೆಟ್ಟಿಲುಗಳನ್ನು ಇಳಿದು ಕೊನೆಗೆ ನಾವು ಸೇದಿದ ಆಮ್ಲಜನಕವನ್ನು ಸೇರುತ್ತವೆ. ಕೆಸರಿನ ಆಳದಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಎಲೆಕ್ಟ್ರಾನ್‌ಗಳನ್ನು ಮೈಯ ಹೊರಗಿರುವ ಕಬ್ಬಿಣದ ಅಥವಾ ಮ್ಯಾಂಗನೀಸಿನ ಆಕ್ಸೈಡಿಗೆ ಒಪ್ಪಿಸುತ್ತವೆ. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಡೆರೆಕ್ ಲವ್ಲಿ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದ, ಮುಂದೆ ಜಿಯೋಬ್ಯಾಕ್ಟರ್ ಎಂದು ಹೆಸರಾದ ಜೀವಿಯೂ, ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದಿಂದ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ 1988ರಲ್ಲಿ ವಿವರಿಸಿದ, ಈಗ ಶೆವನೆಲ್ಲ ಎಂದು ಕರೆಯುವ ಜೀವಿಯೂ ಈ ಜಾತಿಯವು. ಕಬ್ಬಿಣದ ಆಕ್ಸೈಡಿನ ಜಾಗದಲ್ಲಿ ಇಂಗಾಲದ ತುಂಡೊಂದನ್ನು ಇಟ್ಟರೆ ಅವು ಅದನ್ನೂ ಒಪ್ಪುತ್ತವೆ. ಆ ತುಂಡಿಗೆ (ಅದೇ ಆನೋಡ್) ತಂತಿ ಕಟ್ಟಿ, ತಂತಿಯ ಮತ್ತೊಂದು ತುದಿಯನ್ನು ಗಾಳಿ ತಗಲುವ ಇನ್ನೊಂದು ಇಂಗಾಲದ ತುಂಡಿಗೆ (ಅದು ಕ್ಯಾಥೋಡ್) ಸೇರಿಸಿದರೆ, ಎಲೆಕ್ಟ್ರಾನ್‌ಗಳು ತಂತಿಯ ದಾರಿಯಲ್ಲಿ ಆಮ್ಲಜನಕದ ಕಡೆಗೆ ಹರಿಯುತ್ತವೆ. ಸೂಕ್ಷ್ಮಜೀವಿಗಳು ವಿದ್ಯುತ್ ಕೊಡುತ್ತವೆಂಬ ಸಂಗತಿ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ಸಿ. ಪಾಟರ್ ಅದನ್ನು 1911ರಲ್ಲೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳನ್ನು ಬಳಸಿ ತೋರಿಸಿದ್ದರು.

ಇನ್ನು ಲೆಕ್ಕ. ಅಸಿಟೇಟಿನಂತಹ ಸರಳ ಆಹಾರವನ್ನು ತಿನ್ನುವ ಬ್ಯಾಕ್ಟೀರಿಯಾಗಳ ಕಡೆ ವಿಭವ ಸುಮಾರು ಮೈನಸ್ 0.3 ವೋಲ್ಟ್, ತಟಸ್ಥ ನೀರಿನಲ್ಲಿ ಆಮ್ಲಜನಕದ ಕಡೆ ಸುಮಾರು ಪ್ಲಸ್ 0.8 ವೋಲ್ಟ್. ಹೀಗಾಗಿ ಒಂದು ಕೋಶ ಕೊಡಬಹುದಾದ ಪರಮಾವಧಿ 1.1 ವೋಲ್ಟ್. ಬ್ಯಾಕ್ಟೀರಿಯಾ ತನ್ನ ಹೊಟ್ಟೆಪಾಡಿಗೆ ಒಂದಿಷ್ಟನ್ನು ಇಟ್ಟುಕೊಳ್ಳುತ್ತದೆ, ಕ್ಯಾಥೋಡಿನಲ್ಲಿ ಅದಕ್ಕಿಂತ ದೊಡ್ಡ ಪಾಲು ಸೋರಿಹೋಗುತ್ತದೆ. ತಂತಿ ಬಿಚ್ಚಿಟ್ಟಾಗ 0.6ರಿಂದ 0.8 ವೋಲ್ಟ್, ಹೊರೆ ಹಾಕಿದಾಗ, ಅಂದರೆ ವಿದ್ಯುತ್ ಬಳಸುವ ಏನನ್ನಾದರೂ ಜೋಡಿಸಿದಾಗ, 0.3ರಿಂದ 0.5 ವೋಲ್ಟ್ ಸಿಕ್ಕರೆ ಕೋಶ ಆರೋಗ್ಯವಾಗಿದೆ ಎಂದೇ ಅರ್ಥ. ಸಾಮಗ್ರಿ ಎಷ್ಟೇ ದುಬಾರಿಯಾದರೂ ಈ ಚೌಕಟ್ಟು ಬದಲಾಗುವುದಿಲ್ಲ.

ಶಕ್ತಿಯ ಲೆಕ್ಕ ಇನ್ನೂ ಖಡಾಖಂಡಿತ. ಕೊಳಚೆಯ ಸತ್ವವನ್ನು ಅಳೆಯುವ ಮಾನ ರಾಸಾಯನಿಕ ಆಮ್ಲಜನಕ ಬೇಡಿಕೆ, ಎಲ್ಲರ ಬಾಯಲ್ಲಿ ಸಿಓಡಿ. ಒಂದು ಕಿಲೋಗ್ರಾಂ ಸಿಓಡಿಯಲ್ಲಿ 125 ಮೋಲ್ ಎಲೆಕ್ಟ್ರಾನ್‌ಗಳಿವೆ, ಅಂದರೆ ಸುಮಾರು 3,350 ಆಂಪಿಯರ್-ಗಂಟೆಗಳಷ್ಟು ವಿದ್ಯುದಂಶ. ಸಾದಾ ಸಾಮಗ್ರಿಯ ಕೋಶ ಇದರಲ್ಲಿ ಐದನೇ ಒಂದು ಪಾಲನ್ನು ತಂತಿಗೆ ತಂದು 0.3 ವೋಲ್ಟಿನಲ್ಲಿ ಕೊಟ್ಟಿತೆಂದು ಭಾವಿಸೋಣ; ಕೈಗೆ ಬರುವುದು 0.2 ಯೂನಿಟ್. ಅದೇ ಒಂದು ಕಿಲೋಗ್ರಾಂ ಸಿಓಡಿಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಸುಮಾರು 0.35 ಘನ ಮೀಟರಿನವರೆಗೆ ಮೀಥೇನ್ ಸಿಗುತ್ತದೆ, ಅದನ್ನು ಎಂಜಿನ್ನಿನಲ್ಲಿ ಉರಿಸಿದರೆ ಹತ್ತಿರ ಹತ್ತಿರ ಒಂದು ಯೂನಿಟ್ ವಿದ್ಯುತ್ ಬರುತ್ತದೆ. ಒಂದು ಚದರ ಮೀಟರ್ ಸೌರ ಫಲಕ ಉರಿಬಿಸಿಲಿನಲ್ಲಿ 150ರಿಂದ 200 ವಾಟ್ ಕೊಡುವಾಗ ಒಂದು ಚದರ ಮೀಟರ್ ಆನೋಡಿನಿಂದ ಒಂದು ವಾಟ್ ತೆಗೆಯುವುದೂ ಹರಸಾಹಸ. ಆದ್ದರಿಂದ ಮನೆಗೆ ಬೆಳಕು ಬೇಕೆಂದು ಬರುವವರನ್ನು ನಾನು ಸಂಕೋಚವಿಲ್ಲದೆ ಸೌರ ಫಲಕದ ಅಂಗಡಿಗೆ ಕಳುಹಿಸುತ್ತೇನೆ. ಕೊಳಚೆ ಹೇಗೂ ಶುದ್ಧವಾಗಲೇಬೇಕಾದ ಜಾಗದಲ್ಲಿ, ಅಥವಾ ಮಿಲಿವಾಟುಗಳೇ ಸಾಕಾಗುವ ಜಾಗದಲ್ಲಿ ಮಾತ್ರ ಈ ಕೋಶಕ್ಕೆ ನೆಲೆಯಿದೆ. ಇದನ್ನು ಒಪ್ಪಿಕೊಂಡರೆ ನೇಫಿಯಾನ್ ಕೊಳ್ಳುವ ಆಸೆ ತಾನಾಗಿಯೇ ಇಳಿಯುತ್ತದೆ.

ಎರಡು ಧ್ರುವಗಳ ನಡುವಿನ ತಡೆಗೋಡೆಗೆ ಇರುವ ಕೆಲಸ ಸರಳ: ಅಯಾನುಗಳನ್ನು ದಾಟಿಸಬೇಕು, ಆಮ್ಲಜನಕವನ್ನು ಆದಷ್ಟು ತಡೆಯಬೇಕು. ನೇಫಿಯಾನ್ ಪ್ರೋಟಾನ್ ದಾಟಿಸುವ ಪೊರೆಯೆಂದು ಪ್ರಸಿದ್ಧ. ಆದರೆ ತಟಸ್ಥ ಕೊಳಚೆ ನೀರಿನಲ್ಲಿ ಪ್ರೋಟಾನ್‌ಗಳಿಗಿಂತ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಹತ್ತು ಸಾವಿರ ಪಟ್ಟಿಗೂ ಹೆಚ್ಚು ಇರುವುದರಿಂದ ಆ ಪೊರೆಯನ್ನು ದಾಟುವವು ಮುಖ್ಯವಾಗಿ ಅವೇ. ದುಡ್ಡು ಕೊಟ್ಟು ಕೊಂಡ ಗುಣ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಶಾಲೆಯ ಪ್ರಯೋಗಗಳಲ್ಲಿ ಕಾಣುವ ಉಪ್ಪು-ಅಗರ್ ತುಂಬಿದ ಕೊಳವೆ ಅಗ್ಗವೇ, ಆದರೆ ಅದರ ರೋಧ ಪೊರೆಗಿಂತ ಹತ್ತಾರು ಪಟ್ಟು ಹೆಚ್ಚು. ಇವೆರಡರ ನಡುವೆ ನಮ್ಮೂರಿಗೆ ಒಗ್ಗುವ ಮೂರನೆಯ ವಸ್ತು ಸುಟ್ಟ ಮಣ್ಣು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ನೇತ್ರಾವತಿ, ಗುರುಪುರ ನದಿಗಳ ಅಂಚಿನ ಜೇಡಿಯನ್ನು ಅಚ್ಚಿಗೆ ಹಾಕಿ ಸುಡುವ ವಿದ್ಯೆ ಇಲ್ಲಿ ಮನೆಮಾತು. ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಜೇಡಿಯ ಗುಣ ತಿಳಿದವರು ಇನ್ನೂ ಇದ್ದಾರೆ.

ಹಾಗೆಂದು ಛಾವಣಿಯ ಹಂಚನ್ನೇ ತಂದು ಕೂರಿಸಿದರೆ ಆಗದು. ಮಳೆ ಒಳಗೆ ಬಾರದಿರಲೆಂದು ಒತ್ತಿ, ಚೆನ್ನಾಗಿ ಸುಟ್ಟ ಹಂಚು ನಮ್ಮ ಕೆಲಸಕ್ಕೆ ಅತಿಯಾಗಿ ದಪ್ಪ, ಅತಿಯಾಗಿ ಬಿಗಿ. ಕಡಿಮೆ ಶಾಖದಲ್ಲಿ ಸುಟ್ಟ, ಬಣ್ಣ ಬಳಿಯದ, ಗ್ಲೇಜ್ ಇಲ್ಲದ ಹೂಕುಂಡ ಅಥವಾ ತೆಳುಗೋಡೆಯ ಮಡಕೆ ಹೆಚ್ಚು ಅನುಕೂಲ. ತಳದ ತೂತನ್ನು ಎಪಾಕ್ಸಿಯಿಂದ ಮುಚ್ಚಿದರಾಯಿತು. ಆಯ್ಕೆಗೆ ಪ್ರಯೋಗಾಲಯ ಬೇಕಿಲ್ಲ. ಒಣ ಮಡಕೆಯನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಿದರೆ ಎಷ್ಟು ನೀರು ಕುಡಿಯಿತೆಂದು ತಿಳಿಯುತ್ತದೆ. ಆಮೇಲೆ ಒಳಗೆ ನೀರು ತುಂಬಿ ಹೊರಮೈಯನ್ನು ನೋಡಬೇಕು: ಇಡೀ ಮೈ ಸಮನಾಗಿ ಕಪ್ಪೇರಿದರೆ ಒಳ್ಳೆಯದು, ಒಂದೇ ಕಡೆ ಹನಿ ಕಟ್ಟಿ ಇಳಿದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ. ಬೆರಳ ಗೆಣ್ಣಿನಿಂದ ತಟ್ಟಿ ಕೇಳುವ ಹಳೆಯ ಪರೀಕ್ಷೆಯೂ ಬಿರುಕು ಪತ್ತೆಗೆ ಸುಳ್ಳಾಗುವುದಿಲ್ಲ. ತೆಳುವಾದಷ್ಟೂ ರೋಧ ಕಡಿಮೆ, ಆದರೆ ಆಮ್ಲಜನಕ ನುಸುಳುವುದೂ ಹೆಚ್ಚು. ನುಸುಳಿದ ಆಮ್ಲಜನಕವನ್ನು ಬೇರೆ ಬ್ಯಾಕ್ಟೀರಿಯಾಗಳು ಬಳಸಿಕೊಂಡು ನಮ್ಮ ಪಾಲಿನ ಆಹಾರವನ್ನು ತಿಂದು ಮುಗಿಸುತ್ತವೆ. ನಾಲ್ಕರಿಂದ ಆರು ಮಿಲಿಮೀಟರ್ ದಪ್ಪದ ಗೋಡೆ ನನಗೆ ಒಪ್ಪಿಗೆಯಾಗಿದೆ.

ಮಣ್ಣಿನ ಮಡಕೆಯೆಂದರೆ ಬಡವರ ರಾಜಿ ಎಂದುಕೊಳ್ಳಬೇಕಿಲ್ಲ. ಖರಗಪುರದ ಐಐಟಿಯಲ್ಲಿ ಎಂ. ಎಂ. ಘಂಗ್ರೇಕರ್ ಅವರ ತಂಡ 2010ರಲ್ಲಿ ಅಕ್ಕಿ ಗಿರಣಿಯ ತ್ಯಾಜ್ಯ ನೀರನ್ನೇ ಬಳಸಿ ಮಡಕೆಯ ಕೋಶವನ್ನೂ ಪ್ರೋಟಾನ್ ಪೊರೆಯ ಕೋಶವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಡಕೆಯದ್ದು ಸುಮಾರು ನಾಲ್ಕು ಪಟ್ಟು ಹೆಚ್ಚು ಶಕ್ತಿ ಕೊಟ್ಟಿತು, ನೀರನ್ನೂ ಹೆಚ್ಚು ಶುದ್ಧಗೊಳಿಸಿತು. ಬ್ರಿಸ್ಟಲ್‌ನಲ್ಲಿ ಇಯೊಆನಿಸ್ ಇಯೆರೊಪೌಲೋಸ್ ಅವರ ಬಳಗ ಮೂತ್ರದಿಂದ ನಡೆಯುವ ಕೋಶಗಳನ್ನು 2015ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ಮೂತ್ರಾಲಯದಲ್ಲಿ ಕೂರಿಸಿ ಒಳಗಿನ ದೀಪಗಳನ್ನು ಉರಿಸಿತು. ಆ ಬಳಗದ ನೆಚ್ಚಿನ ಗೋಡೆಯೂ ಸುಟ್ಟ ಮಣ್ಣೇ. ಖರಗಪುರದ ಪ್ರಯೋಗವಂತೂ ನಮ್ಮ ಜಿಲ್ಲೆಗಳಿಗಾಗಿಯೇ ಮಾಡಿದಂತಿದೆ. ಕುಚ್ಚಲಕ್ಕಿ ಉಣ್ಣುವ ಊರುಗಳಲ್ಲಿ ಭತ್ತವನ್ನು ನೆನೆಸಿ ಬೇಯಿಸುವ ಗಿರಣಿಗಳಿಂದ ಹೊರಬೀಳುವ, ಹುಳಿನಾತದ ಹಳದಿ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದ ಪಿಷ್ಟವೂ ಸಕ್ಕರೆಯೂ ಹೇರಳ.

ಇನ್ನು ಕ್ಯಾಥೋಡ್. ದುಡ್ಡು ಮತ್ತು ವೋಲ್ಟೇಜ್ ಎರಡೂ ಕರಗುವ ಜಾಗ ಇದೇ. ಆಮ್ಲಜನಕವನ್ನು ನೀರಾಗಿಸುವ ಕ್ರಿಯೆ ಬರೀ ಇಂಗಾಲದ ಮೇಲೆ ನಿಧಾನ, ಪ್ಲಾಟಿನಂ ಮೇಲೆ ವೇಗ; ಆದರೆ ಕೊಳಚೆಯ ಗಂಧಕ ಸೋಕಿದೊಡನೆ ಪ್ಲಾಟಿನಂ ಮಂಕಾಗುತ್ತದೆ. ಸಕ್ರಿಯ ಇಂಗಾಲಕ್ಕೆ ಆ ಚುರುಕಿಲ್ಲದಿದ್ದರೂ ಮೇಲ್ಮೈ ಅಪಾರ, ಒಂದು ಗ್ರಾಮಿನಲ್ಲೇ ಸಾವಿರ ಚದರ ಮೀಟರಿನ ಆಸುಪಾಸು. ತೆಂಗಿನ ಗೆರಟೆಯಿಂದ ಮಾಡಿದ ಸಕ್ರಿಯ ಇಂಗಾಲ ನೀರಿನ ಫಿಲ್ಟರುಗಳಿಗೆಂದು ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ನುಣ್ಣಗೆ ಪುಡಿ ಮಾಡಿ, ವಿದ್ಯುತ್ ಹರಿಯಲು ಸ್ವಲ್ಪ ಗ್ರಾಫೈಟ್ ಪುಡಿ ಬೆರೆಸಿ, ಟೆಫ್ಲಾನ್ ದ್ರಾವಣದಿಂದ ಕಣಕವಾಗಿಸಿ ತುಕ್ಕುರಹಿತ ಉಕ್ಕಿನ ಜಾಲರಿಗೆ ಒತ್ತಿದರೆ ಕೆಲಸಕ್ಕೆ ಬರುವ ಕ್ಯಾಥೋಡ್ ಸಿದ್ಧ. ಮರಗೆಲಸದ ಬಿಳಿ ಅಂಟನ್ನು ಬಳಸಿದರೆ ಅದು ಕಣಕಣವನ್ನೂ ಸುತ್ತಿಕೊಂಡು ವಿದ್ಯುತ್ತಿನ ದಾರಿಯನ್ನೇ ಮುಚ್ಚುತ್ತದೆ. ಜಾಲರಿಯಲ್ಲಿ 304 ದರ್ಜೆಯದು ಸಿಹಿನೀರಿಗೆ ಸಾಕು. ಮಲ್ಪೆ ಬಂದರಿನ ಕಡೆಯ ಮೀನಿನ ನೀರಿನಂತಹ ಉಪ್ಪು ಇದ್ದಲ್ಲಿ 316 ದರ್ಜೆಯೇ ಬೇಕು, ಇಲ್ಲವಾದರೆ ಸೂಜಿಮೊನೆಯಂತಹ ತೂತುಗಳು ಬೀಳುತ್ತವೆ. ಗೆರಟೆಯನ್ನು ಮನೆಯಲ್ಲೇ ಸುಟ್ಟು ಇದ್ದಿಲು ಮಾಡಿ ಬಳಸಬಹುದೇ ಎಂಬ ಪ್ರಶ್ನೆ ಪ್ರತಿ ತಂಡದಿಂದಲೂ ಬರುತ್ತದೆ. ಒಲೆಯ ಶಾಖದಲ್ಲಿ ಆದ ಇದ್ದಿಲಿಗೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒತ್ತಿ ನೋಡಿದರೆ ಮುಳ್ಳು ಕದಲುವುದೇ ಇಲ್ಲ. ಗಾಳಿಯಿಲ್ಲದೆ 800, 900 ಡಿಗ್ರಿ ದಾಟಿಸಿದ ಇಂಗಾಲವೇ ಸರಿಯಾಗಿ ವಿದ್ಯುತ್ ಹರಿಸುತ್ತದೆ.

ಈ ಭಾಗಗಳನ್ನು ಎಲ್ಲೆಲ್ಲಿ ಇಡಬೇಕೆಂಬುದೇ ವಿನ್ಯಾಸದ ತಿರುಳು. ಸಾಮಾನ್ಯವಾಗಿ ಮಡಕೆಯ ಒಳಗೆ ಕೊಳಚೆ ಮತ್ತು ಆನೋಡ್ ಇಟ್ಟು, ಹೊರಮೈಗೆ ಕ್ಯಾಥೋಡ್ ಸುತ್ತುತ್ತಾರೆ. ಗಾಳಿ ಚೆನ್ನಾಗಿ ಸಿಗುತ್ತದೆ, ನೋಡಲೂ ಚೆಂದ. ಆದರೆ ಗೋಡೆಯ ರಂಧ್ರಗಳು ಕಟ್ಟಿಕೊಂಡ ದಿನ ಆನೋಡನ್ನೂ ಕೀಳಬೇಕಾಗುತ್ತದೆ, ಮತ್ತು ಈ ಸಾಧನದಲ್ಲಿ ನಿಜಕ್ಕೂ ದುಬಾರಿಯಾದ ವಸ್ತು ಆನೋಡಿನ ಮೇಲೆ ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾಗಳ ಲೋಳೆ. ಅದಕ್ಕೆ ನಾನು ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡುತ್ತೇನೆ. ಕೊಳಚೆ ತುಂಬಿದ ಡ್ರಮ್ಮಿನಲ್ಲಿ ತೋಟದ ಪ್ಲಾಸ್ಟಿಕ್ ಬಲೆಯ ಸಿಲಿಂಡರ್ ನಿಲ್ಲಿಸಿ, ಅದಕ್ಕೆ ಇಂಗಾಲದ ನಾರಿನ ದಪ್ಪ ಬಟ್ಟೆಯಾದ ಕಾರ್ಬನ್ ಫೆಲ್ಟನ್ನು ಸುತ್ತಿ ಹೊಲಿದು ಆನೋಡನ್ನು ಖಾಯಂ ಮಾಡುತ್ತೇನೆ. ಮಡಕೆಯ ಒಳಮೈಗೆ ಕ್ಯಾಥೋಡಿನ ಜಾಲರಿಯನ್ನು ಒತ್ತಿ ಕೂರಿಸಿ, ಬಾಯಿ ಮೇಲಾಗಿ ಆ ಸಿಲಿಂಡರಿನೊಳಕ್ಕೆ ಇಳಿಸುತ್ತೇನೆ. ಹೊರಗಿನ ಕೊಳಚೆಯಿಂದ ಗೋಡೆ ಸದಾ ಒದ್ದೆ, ಒಳಗೆ ಗಾಳಿ. ಫೆಲ್ಟಿಗೂ ಮಡಕೆಗೂ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬೇಡ, ಏಕೆಂದರೆ ನೀರಿನ ಪ್ರತಿ ಸೆಂಟಿಮೀಟರೂ ರೋಧವೇ. ಮಡಕೆ ಕೆಟ್ಟರೆ ಫ್ಲಾಸ್ಕಿನಿಂದ ಗಾಜಿನ ಒಳಗೊಳವೆಯನ್ನು ತೆಗೆದಂತೆ ಮೇಲಕ್ಕೆತ್ತಿ ಬೇರೊಂದನ್ನು ಇಳಿಸಬಹುದು. ಬ್ಯಾಕ್ಟೀರಿಯಾಗಳಿಗೆ ಸುದ್ದಿಯೂ ಮುಟ್ಟುವುದಿಲ್ಲ.

ಮಡಕೆ ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕ್ಯಾಥೋಡಿನ ಕ್ರಿಯೆ ಪ್ರೋಟಾನ್‌ಗಳನ್ನು ನುಂಗುತ್ತದೆ, ಗೋಡೆ ದಾಟಿ ಬರುವುದೋ ಸೋಡಿಯಂ, ಪೊಟ್ಯಾಸಿಯಂ. ಹೀಗಾಗಿ ಒಳಮೈಯಲ್ಲಿ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಜಾಲರಿಯ ಕಣ್ಣುಗಳಲ್ಲಿ ಮೊದಲು ಬೂದುಬಿಳಿಯ ಧೂಳಿನಂತೆ, ಕೆಲವು ದಿನಗಳಲ್ಲಿ ಸಣ್ಣ ರೋಮಗಳಂತೆ ಎದ್ದುನಿಂತ ಹರಳುಗಳು ಕಾಣುತ್ತವೆ. ಲಿಟ್ಮಸ್ ತಾಗಿಸಿದೊಡನೆ ನೀಲಿ. ಹರಳು ದಪ್ಪವಾದ ಕಡೆ ಜಾಲರಿ ಗೋಡೆಯಿಂದ ಎದ್ದು ಬರುತ್ತದೆ ಮತ್ತು ಅಲ್ಲಿಗೆ ಸಂಪರ್ಕ ಕಡಿಯುತ್ತದೆ. ಮಳೆಗಾಲದ ಕಥೆ ಬೇರೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಊರಿನಲ್ಲಿ ಜೂನಿನಿಂದ ಆಗಸ್ಟ್ ತನಕ ಏನೂ ಒಣಗುವುದಿಲ್ಲ. ಅದೇ ಉಪ್ಪು ತೇವ ಹೀರಿ ಜಾರುವ ಪದರವಾಗಿ ಇಂಗಾಲದ ರಂಧ್ರಗಳನ್ನು ಮುಳುಗಿಸುತ್ತದೆ, ಗಾಳಿ ಒಳಹೋಗದೆ ವೋಲ್ಟೇಜ್ ಕುಸಿಯುತ್ತದೆ. ಬೇಸಗೆಯ ಮದ್ದು ಬೆಚ್ಚಗಿನ ನೀರು ಮತ್ತು ಸ್ವಲ್ಪ ವಿನೆಗರ್. ಮಳೆಗಾಲಕ್ಕೆ ಮಡಕೆಯ ತಳದಲ್ಲಿ ಜಿನುಗಿ ನಿಲ್ಲುವ ಕ್ಷಾರದ ನೀರನ್ನು ಸಿರಿಂಜ್ ಕೊಳವೆಯಿಂದ ಆಗಾಗ ಹೀರಿ ತೆಗೆಯಬೇಕು, ಬಾಯಿಗೆ ಗಾಳಿಯಾಡುವ ಮುಚ್ಚಳ ಕಟ್ಟಬೇಕು. ವಿದೇಶದ ಲೇಖನಗಳಲ್ಲಿ ಕಾಣುವ ಆಯುಷ್ಯದ ಅಂದಾಜನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಇದಕ್ಕೆ ಪ್ರತಿಯಾಗಿ ನಮ್ಮ ಹವೆಯಿಂದ ಒಂದು ಲಾಭವೂ ಇದೆ. ಶೀತದೇಶಗಳಲ್ಲಿ ಚಳಿಗಾಲ ಬಂದರೆ ಬ್ಯಾಕ್ಟೀರಿಯಾಗಳು ಮುದುಡುತ್ತವೆ. ಇಲ್ಲಿ ವರ್ಷವಿಡೀ ಅವುಗಳಿಗೆ ಹಿತವಾದ ಬಿಸಿ, ಬಿಡಿಕಾಸು ಖರ್ಚಿಲ್ಲದೆ.

ಆನೋಡಿನ ವಿಷಯದಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಒಂದು ಎಚ್ಚರಿಕೆ. ವಿಜ್ಞಾನ ಮೇಳಗಳಲ್ಲಿ ಮಣ್ಣು ತುಂಬಿದ ಲೋಟಗಳಿಗೆ ತಾಮ್ರದ ತಗಡು ಮತ್ತು ಸತುವಿನ ಮೊಳೆ ಚುಚ್ಚಿ, ಸಾಲಾಗಿ ಜೋಡಿಸಿ, ಎಲ್‌ಇಡಿ ಉರಿಸಿ, ಬ್ಯಾಕ್ಟೀರಿಯಾದ ವಿದ್ಯುತ್ ಎಂದು ಬಹುಮಾನ ಪಡೆಯುವುದನ್ನು ಬಹಳ ಸಲ ನೋಡಿದ್ದೇನೆ. ಅದು ಸತು ಕರಗುವುದರಿಂದ ಬರುವ ವಿದ್ಯುತ್, ನಿಂಬೆಹಣ್ಣಿನ ಬ್ಯಾಟರಿಯ ತಮ್ಮ. ಮಣ್ಣನ್ನು ಕುಕ್ಕರಿನಲ್ಲಿ ಬೇಯಿಸಿ ಎಲ್ಲ ಜೀವವನ್ನು ಕೊಂದ ಮೇಲೂ ಅದು ಉರಿಯುತ್ತದೆ. ಬ್ಯಾಕ್ಟೀರಿಯಾದ ಕೋಶವೆಂದು ಹೇಳಬೇಕಾದರೆ ಎರಡೂ ಧ್ರುವಗಳು ಇಂಗಾಲದವೇ ಆಗಿರಬೇಕು, ಆರಂಭದಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರವಿದ್ದು ದಿನಗಳ ಮೇಲೆ ಏರಬೇಕು, ಆಹಾರ ಮುಗಿದಾಗ ಇಳಿದು ಮತ್ತೆ ಹಾಕಿದಾಗ ಏಳಬೇಕು. ಬರಿಯ ತಾಮ್ರವನ್ನು ಆನೋಡಾಗಿ ಇಡುವುದಂತೂ ಬೇಡವೇ ಬೇಡ. ಅದು ತಾನೂ ಸವೆಯುತ್ತದೆ, ಕರಗಿದ ತಾಮ್ರ ಜೀವಿಗಳಿಗೆ ವಿಷವೂ ಹೌದು. ಹಳೆಯ ಟಾರ್ಚ್ ಸೆಲ್ಲುಗಳ ಒಳಗಿನ ಇಂಗಾಲದ ಕಡ್ಡಿಗಳು ತಂತಿ ಜೋಡಿಸಲು ಉಪಯುಕ್ತ, ಮೇಲ್ಮೈ ಕಡಿಮೆಯಾದ್ದರಿಂದ ಅವುಗಳೇ ಆನೋಡ್ ಆಗಲಾರವು. ಕಾರ್ಬನ್ ಫೆಲ್ಟಿಗೆ ಖರ್ಚಾಗುವ ಹಣವನ್ನು ಉಳಿಸಲು ನಾನು ಹೋಗುವುದಿಲ್ಲ, ಅದು ವರ್ಷಗಟ್ಟಲೆ ಬಾಳುವ ಭಾಗ.

ಕೋಶಕ್ಕೆ ಹಾಕುವ ಬ್ಯಾಕ್ಟೀರಿಯಾಗಳ ಮೊದಲ ಬೀಜಕ್ಕೆ ನದಿ ಸಮುದ್ರ ಸೇರುವ ಕಡೆಯ ಕಪ್ಪು ಕೆಸರು ಉತ್ತಮ. ಶಾಂಭವಿ, ನಂದಿನಿ ನದಿಗಳು ಕಡಲಿಗಿಳಿಯುವ ಸಸಿಹಿತ್ಲು ಭಾಗದಲ್ಲಿ, ಕಾಂಡ್ಲಾ ಗಿಡಗಳ ಬುಡದಿಂದ ಗೇಣಿನಷ್ಟು ಆಳದ ಕೆಸರನ್ನು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯಿಲ್ಲದೆ ಬದುಕುವವರ ಊರು ಅದು. ಗಂಧಕದ ಆಟವಾಡುವ ಜೀವಿಗಳೂ ಜೊತೆಗೆ ಬರುವುದರಿಂದ ಸಿಹಿನೀರಿನ ಕೊಳಚೆಗೆ ಸೆಪ್ಟಿಕ್ ಟ್ಯಾಂಕಿನ ಗಸಿಯನ್ನು ಬಳಸುವುದು ವಾಸಿ. ಸಗಣಿಯಲ್ಲಿ ಮೀಥೇನ್ ಮಾಡುವ ಜೀವಿಗಳು ಹೆಚ್ಚು, ಅವು ಎಲೆಕ್ಟ್ರಾನ್‌ಗಳನ್ನು ತಮ್ಮ ದಾರಿಗೆ ಎಳೆದುಕೊಳ್ಳುತ್ತವೆ. ಆಹಾರ ಯಾವುದೇ ಇರಲಿ, ಹುಳಿಯಾಗುವುದನ್ನು ತಡೆಯಬೇಕು. ಗಂಜಿಯ ತೆಳಿಯಾಗಲಿ ಗಿರಣಿಯ ನೀರಾಗಲಿ ಎರಡು ದಿನದಲ್ಲಿ ಪಿಎಚ್ 4ರ ಕಡೆಗೆ ಜಾರುತ್ತದೆ, ಆ ಹುಳಿಯಲ್ಲಿ ನಮ್ಮ ಬ್ಯಾಕ್ಟೀರಿಯಾಗಳು ಬದುಕುವುದಿಲ್ಲ. ಅಡುಗೆ ಸೋಡಾ ಹಾಕಿ 7ರಿಂದ 8ರ ನಡುವೆ ಇಟ್ಟುಕೊಂಡರೆ ನೀರಿನ ವಾಹಕತೆಯೂ ಏರುತ್ತದೆ. ಆಹಾರದ ನಿರಂತರತೆಯನ್ನೂ ಯೋಚಿಸಬೇಕು. ಮೀನು ಸಂಸ್ಕರಣೆಯ ನೀರು ಸತ್ವದಲ್ಲಿ ಗಿರಣಿಯದ್ದಕ್ಕೆ ಕಡಿಮೆಯಿಲ್ಲ, ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಕೋಶಕ್ಕೆ ಉಪವಾಸ. ಅಕ್ಕಿ ಗಿರಣಿಯಲ್ಲಿ ಆ ತಾಪತ್ರಯ ಅಷ್ಟಿಲ್ಲ.

ಅಳತೆಯನ್ನು ಯಾವಾಗಲೂ ಹೊರೆ ಹಾಕಿಯೇ ಮಾಡಬೇಕು. ಆರಂಭದಿಂದಲೇ 1,000 ಓಮ್‌ನ ರೋಧಕವನ್ನು ಅಡ್ಡ ಕಟ್ಟಿಟ್ಟರೆ ಎಲೆಕ್ಟ್ರಾನ್ ಕೊಡಬಲ್ಲ ಜೀವಿಗಳೇ ಆನೋಡಿನ ಮೇಲೆ ಮೇಲುಗೈ ಪಡೆಯುತ್ತವೆ. ಕೋಶ ಸ್ಥಿರವಾದ ಮೇಲೆ ರೋಧಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬದಲಿಸುತ್ತಾ, ಪ್ರತಿಯೊಂದರಲ್ಲೂ ವೋಲ್ಟೇಜ್ ನೆಲೆ ನಿಲ್ಲುವವರೆಗೆ ಕಾದು ಬರೆದುಕೊಂಡರೆ ಆಂತರಿಕ ರೋಧ ತಿಳಿಯುತ್ತದೆ. ಹೊರಗಿನ ರೋಧ ಒಳಗಿನದ್ದಕ್ಕೆ ಸಮವಾದಾಗ ಶಕ್ತಿ ಅತಿ ಹೆಚ್ಚು. ತೆರೆದ ವೋಲ್ಟೇಜ್ 0.65, ಆಂತರಿಕ ರೋಧ 200 ಓಮ್ ಇರುವ ಕೋಶದಿಂದ ಬರಬಹುದಾದ ಗರಿಷ್ಠ ಶಕ್ತಿ ಅರ್ಧ ಮಿಲಿವಾಟ್‌ಗಿಂತ ತುಸು ಹೆಚ್ಚು. ಕೆಂಪು ಎಲ್‌ಇಡಿಯೊಂದು ಮಂದವಾಗಿ ಉರಿಯಲು 1.8 ವೋಲ್ಟಿನಲ್ಲಿ ಮೂರು ನಾಲ್ಕು ಮಿಲಿವಾಟ್ ಬೇಕು. ಪ್ರಸ್ತಾಪದ ಕೊನೆಯ ಸಾಲಿನ ಎಲ್‌ಇಡಿ ಉರಿಯದಿರಲು ಇದೇ ಕಾರಣ.

ಹಾಗಾದರೆ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಬಾರದೇ ಎಂದರೆ, ಜೋಡಿಸಿದ ಕೂಡಲೇ ಅವುಗಳಲ್ಲಿ ಹಸಿದಿರುವ ಅಥವಾ ದುರ್ಬಲವಾದ ಒಂದರ ಧ್ರುವಗಳು ತಿರುಗುಮುರುಗಾಗಿ ಅದು ಉಳಿದವುಗಳ ಶಕ್ತಿಯನ್ನು ತಿನ್ನತೊಡಗುತ್ತದೆ. ಜೀವಂತ ಕೋಶಗಳೆರಡು ಎಂದೂ ಸರಿಸಮಾನವಾಗಿರುವುದಿಲ್ಲ. ಆದ್ದರಿಂದ ಪ್ರತಿ ಕೋಶದಿಂದ ಪ್ರತ್ಯೇಕವಾಗಿ, ಅಥವಾ ಎಲ್ಲವನ್ನೂ ಸಮಾಂತರವಾಗಿ ಕಟ್ಟಿ, ವಿದ್ಯುತ್ತನ್ನು ಕೂಡಿಡುವ ಸೂಪರ್‌ಕೆಪ್ಯಾಸಿಟರ್ ತುಂಬಿಸುವುದು ಕ್ಷೇಮ. 20 ಮಿಲಿವೋಲ್ಟಿನಿಂದಲೇ ಕೆಲಸ ಶುರುಮಾಡುವ ಎಲ್‌ಟಿಸಿ 3108ರಂತಹ ಚಿಪ್‌ಗಳು ಆ ಅರ್ಧ ವೋಲ್ಟನ್ನು ಮೂರು ವೋಲ್ಟಿನ ಮೇಲಕ್ಕೆ ಎತ್ತಿಕೊಡುತ್ತವೆ, ಅರ್ಧದಷ್ಟು ಶಕ್ತಿಯನ್ನು ಸುಂಕವಾಗಿ ಪಡೆದು. ಅರ್ಧ ಮಿಲಿವಾಟ್ ಒಂದು ಗಂಟೆ ಹರಿದರೆ 1.8 ಜೂಲ್, ಸುಂಕ ಕಳೆದು 0.9. ತಾಪಮಾನ ಓದಿ ರೇಡಿಯೋದಲ್ಲಿ ಒಂದು ಕ್ಷಣ ಸಂದೇಶ ಕಳುಹಿಸಲು 0.1 ಜೂಲ್‌ನ ಆಸುಪಾಸು ಸಾಕಾದ್ದರಿಂದ ಗಂಟೆಗೊಂದು ಸಂದೇಶ ನಿರಾಯಾಸ. ಅಮೆರಿಕದ ನೌಕಾಪಡೆಯ ಸಂಶೋಧಕರು ಪೊಟೊಮ್ಯಾಕ್ ನದಿಯ ಕೆಸರಿನ ಕೋಶದಿಂದ ನೀರಿನ ಮೇಲೆ ತೇಲುವ ಹವಾಮಾನ ಬೋಯನ್ನು ನಡೆಸಿ 2008ರಲ್ಲಿ ಪ್ರಕಟಿಸಿದ್ದು ಇದೇ ಬಗೆಯ ಮಿತವ್ಯಯದಿಂದ. ಅವರ ಮೊದಲ ಕೋಶ ಕೊಟ್ಟದ್ದು ಸರಾಸರಿ 24 ಮಿಲಿವಾಟ್.

ನಮ್ಮ ಕಡೆಗೆ ಇದರಿಂದ ಯಾವ ಕೆಲಸ ತೆಗೆಯಬೇಕೆಂದು ಕೇಳಿದರೆ, ನನ್ನ ಉತ್ತರ ಅಕ್ಕಿ ಗಿರಣಿಯ ಗುಂಡಿಯಲ್ಲಿ ಕಾವಲು ಕಾಯುವ ಕೆಲಸ. ನೀರಿನ ಮಾಲಿನ್ಯವನ್ನು ತೋರಿಸುವ ಬಿಓಡಿ (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಗೆ ನಮ್ಮ ದೇಶದ ಪದ್ಧತಿಯಂತೆ 27 ಡಿಗ್ರಿಯಲ್ಲಿ 3 ದಿನ ಬೇಕು. ಫಲಿತಾಂಶ ಬರುವ ಹೊತ್ತಿಗೆ ಆ ನೀರು ತೋಡು ಸೇರಿ, ತೋಡು ಹೊಳೆ ಸೇರಿ ಆಗಿರುತ್ತದೆ. ಮಡಕೆಯ ಕೋಶದಲ್ಲಿ ಹರಿಯುವ ವಿದ್ಯುತ್ ಒಂದು ಮಿತಿಯವರೆಗೆ ಆಹಾರದ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವುದರಿಂದ, ಭತ್ತ ನೆನೆಸಿದ ತೊಟ್ಟಿಯನ್ನು ಖಾಲಿ ಮಾಡಿದ ಕೆಲವು ಗಂಟೆಗಳಲ್ಲೇ ಅದು ಹೇಳಿಬಿಡುತ್ತದೆ, ಮತ್ತು ಹೇಳಲು ಬೇಕಾದ ಶಕ್ತಿಯನ್ನು ಆ ನೀರಿನಿಂದಲೇ ಪಡೆಯುತ್ತದೆ. ಅಲ್ಲಿ ಅರ್ಧ ಮಿಲಿವಾಟ್ ಕೊರತೆಯೆನಿಸುವುದಿಲ್ಲ. ಒಂದೇ ತೊಡಕು, ಪ್ರತಿ ಕೋಶದ ಅಳತೆಗೋಲು ಬೇರೆ ಬೇರೆ. ಎಷ್ಟು ವಿದ್ಯುತ್ತಿಗೆ ಎಷ್ಟು ಮಾಲಿನ್ಯವೆಂದು ಒಂದು ಗಿರಣಿಯಲ್ಲಿ ಸರಿಹೊಂದಿಸಿದ ಪಟ್ಟಿ ಇನ್ನೊಂದಕ್ಕೆ ಒದಗದು, ಮಡಕೆ ಬದಲಿಸಿದರೆ ಆಂತರಿಕ ರೋಧ ಬದಲಾಗಿ ಹಳೆಯ ಪಟ್ಟಿಯೂ ನಡೆಯದು. ಆದ್ದರಿಂದ ಹೊಸ ಮಡಕೆ ಇಳಿಸಿದ ಮೇಲೆ ವಿದ್ಯುತ್ ಒಂದು ಮಟ್ಟಕ್ಕೆ ನಿಂತ ದಿನ, ಗುಂಡಿಯ ನೀರನ್ನು ಎರಡು ಮೂರು ಬಗೆಯಲ್ಲಿ ತೆಳುಮಾಡಿ ಪ್ರಯೋಗಾಲಯಕ್ಕೂ ಕಳುಹಿಸಿ, ಅಲ್ಲಿಂದ ಬಂದ ಅಂಕಿಗಳ ಮೇಲೆ ಹೊಸ ಪಟ್ಟಿ ಬರೆಯುವುದನ್ನು ನಿರ್ವಹಣೆಯ ಖರ್ಚಿನಲ್ಲಿ ಮೊದಲೇ ಸೇರಿಸಬೇಕು. ಮಡಕೆಯ ಬೆಲೆಗಿಂತ ಆ ಪರೀಕ್ಷೆಯ ಶುಲ್ಕವೇ ಹೆಚ್ಚಾಗುತ್ತದೆ.